ನೋಡುವವನಿಗೂ ಆಸ್ರವವುಂಟು

ಚಾತುರ್ಮಾಸದ ಆರಂಭದಲ್ಲಿ ನಮ್ಮ ಬಸದಿಗಳಲ್ಲಿ ನಿಯಮಗಳನ್ನು ಸ್ವೀಕರಿಸುವ ಸತ್ಸಂಪ್ರದಾಯವುಂಟು. ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ, ಹಸಿರು ಕಾಯಿಪಲ್ಲೆಯ ತ್ಯಾಗ ಇವುಗಳ ಸಾಲಿಗೆ ಈಚಿನ ದಶಕಗಳಲ್ಲಿ ಟಿ.ವಿ. ತ್ಯಾಗವೂ ಬಂದು ಸೇರಿದೆ. ಜಮಖಂಡಿಯಿಂದ ಮುಧೋಳದವರೆಗೆ, ಬೀಳಗಿಯಿಂದ ರಬಕವಿ-ಬನಹಟ್ಟಿಯವರೆಗೆ ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸುವ ಶ್ರಾವಕ-ಶ್ರಾವಿಕೆಯರಿದ್ದಾರೆ. ಆದರೆ ನಿಯಮದ ಬೆನ್ನಿಗೇ ಒಂದು ರಿಯಾಯಿತಿಯೂ ಹುಟ್ಟಿಕೊಂಡಿದೆ: "ಕುಣಿತ, ಹಾಡು, ಧಾರಾವಾಹಿ ಬೇಡ, ನೀತಿ ಹೇಳುವ ಕಾರ್ಯಕ್ರಮವಾದರೆ ನಡೆದೀತು." ಸಮಾಜದ ಹಿರಿಯರೂ ಈ ಮಾತಿಗೆ ತಲೆಯಾಡಿಸುತ್ತಾರೆ. ಪ್ರಸ್ತುತ ಲೇಖನವು ಈ ರಿಯಾಯಿತಿಯ ವಿರುದ್ಧ ಬರೆದದ್ದೆಂದು ಓದುಗರು ಮೊದಲೇ ತಿಳಿಯಬೇಕು.

ಟಿ.ವಿ.ಯನ್ನೇ ಮನೆಯಿಂದ ಹೊರಹಾಕಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ನೀತಿ-ಅನೀತಿಗಳ ವಿಚಾರವನ್ನು ಗಂಭೀರವಾಗಿ ಎತ್ತಿಕೊಂಡ ಕಾರ್ಯಕ್ರಮಗಳು ಕೆಲವಿವೆ. ಅವುಗಳ ಮಾತನ್ನು ಮುಂದೆ ಆಡುವೆನು. ಕುಣಿತದ ಕಾರ್ಯಕ್ರಮ ಯಾರನ್ನೂ ಮೋಸಗೊಳಿಸುವುದಿಲ್ಲ. ಅದು ಮನರಂಜನೆಯೆಂದು ಮಗುವಿಗೂ ಗೊತ್ತು. ಧರ್ಮದ ವೇಷದಲ್ಲಿ ಪಡಸಾಲೆಗೆ ಬರುವುದನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷೆ ಅಲ್ಲಿಯೇ ಬೇಕಾಗಿದೆ.

ಪರೀಕ್ಷೆಯ ಒರೆಗಲ್ಲನ್ನು ಹೊರಗೆಲ್ಲಿಯೂ ಹುಡುಕಬೇಕಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಪಾಠಶಾಲೆಯಲ್ಲಿ ಕಲಿತವರಿಗೆ ಈ ಲೆಕ್ಕ ನೆನಪಿರಬಹುದು. ಕರ್ಮಾಸ್ರವಕ್ಕೆ ಕಾರಣವಾಗುವ ಕ್ರಿಯೆಗೆ ಸಂರಂಭ, ಸಮಾರಂಭ, ಆರಂಭ ಎಂದು 3 ಹಂತ. ಅದು ಮನ, ವಚನ, ಕಾಯ ಎಂಬ 3 ದಾರಿಗಳಿಂದ ನಡೆಯುವುದು. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂದು ಮತ್ತೆ 3 ಬಗೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ 4 ಕಷಾಯಗಳು. ಗುಣಿಸಿದರೆ 108. ಕೃತ ಮತ್ತು ಕಾರಿತಗಳ ಪಕ್ಕದಲ್ಲಿಯೇ ಅನುಮೋದನೆಯನ್ನೂ ಸರಿಸಮನಾಗಿ ಕೂರಿಸಿದ ಶಾಸ್ತ್ರ ನಮ್ಮದು. ಕೊಂದವನಿಗಷ್ಟೇ ಅಲ್ಲ, ಕೊಂದದ್ದನ್ನು ಕಂಡು "ತಕ್ಕ ಶಾಸ್ತಿಯಾಯಿತು" ಎಂದು ಒಳಗೊಳಗೇ ಹಿಗ್ಗಿದವನಿಗೂ ಅಲ್ಲಿ ಪಾಲಿದೆ. ದೂರದಲ್ಲಿ ಕುಳಿತು ನೋಡುವುದೇ ಬದುಕಿನ ಅರ್ಧಭಾಗವಾಗಿರುವ ನಮ್ಮ ಕಾಲಕ್ಕೆ ಇದಕ್ಕಿಂತ ನೇರವಾಗಿ ತಟ್ಟುವ ವಿಚಾರ ಬೇರೊಂದಿಲ್ಲ.

ಈ ಒರೆಗಲ್ಲಿಗೆ ಮೊದಲು ತಿಕ್ಕಿ ನೋಡಬೇಕಾದದ್ದು ಕುಟುಂಬ ವ್ಯಾಜ್ಯಗಳ ಕಾರ್ಯಕ್ರಮಗಳನ್ನು. ಜೀ ಕನ್ನಡ ವಾಹಿನಿಯಲ್ಲಿ "ಬದುಕು ಜಟಕಾ ಬಂಡಿ" ಎಂಬುದು ಬರುತ್ತಿತ್ತು. ನಮ್ಮ ಮನೆಗಳಲ್ಲಿ ಅದನ್ನು ಬಿಡದೆ ನೋಡಿದವರು ಬಹಳ. ಹೆಸರನ್ನು ಆಯ್ದುಕೊಂಡದ್ದು ಡಿ.ವಿ.ಜಿ.ಯವರ "ಮಂಕುತಿಮ್ಮನ ಕಗ್ಗ"ದಿಂದ. 1943ರಲ್ಲಿ ಪ್ರಕಟವಾಗಿ ಕನ್ನಡಿಗರಿಗೆ ಸಮಚಿತ್ತವನ್ನು ಕಲಿಸಿದ ಗ್ರಂಥದಿಂದ. ವೇದಿಕೆಯ ಮೇಲೆ ನಡೆದದ್ದೇನು? ಗಂಡ ಒಂದು ಬದಿ, ಹೆಂಡತಿ ಒಂದು ಬದಿ, ನಡುವೆ ನಿರೂಪಕರು. ಅಳು, ಆರೋಪ, ಪ್ರತ್ಯಾರೋಪ. ಕನ್ನಡದಲ್ಲಿ ಮಾತ್ರ ಹೀಗಾಯಿತೆಂದಲ್ಲ. ತಮಿಳಿನಲ್ಲಿ ಇದೇ ಜಾತಿಯ "ಸೊಲ್ವದೆಲ್ಲಾಂ ಉಣ್ಮೈ" ಎಂಬ ಕಾರ್ಯಕ್ರಮಕ್ಕೆ 2018ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮಧುರೈ ಪೀಠವು ಮಧ್ಯಂತರ ತಡೆಯನ್ನೇ ನೀಡಬೇಕಾಯಿತು.

ನೋಡುವವರ ಸಮರ್ಥನೆ ಒಂದೇ: "ಇದರಿಂದ ಪಾಠ ಕಲಿಯಬಹುದು." ಯಾವ ಪಾಠ? ನೆರೆಮನೆಯ ಜಗಳವನ್ನು ಕಿಟಕಿಯಿಂದ ಇಣುಕಿ ನೋಡುವುದು ಅಸಭ್ಯವೆಂದು ಮಕ್ಕಳಿಗೆ ಹೇಳಿದ ನಾವು, ಅದೇ ಜಗಳವನ್ನು ಊಟದ ತಟ್ಟೆ ಮುಂದಿಟ್ಟುಕೊಂಡು ನೋಡಿದೆವು. ನೋಡುತ್ತ ನಮ್ಮೊಳಗೆ ಏಳುವುದು ಮೊದಲು ಕ್ರೋಧ, ಅದರ ಹಿಂದೆಯೇ ಮಾನ: "ನಮ್ಮ ಮನೆತನದಲ್ಲಿ ಇಂಥದ್ದಿಲ್ಲ." ಇನ್ನು ಕಾರಿತದ ಪ್ರಶ್ನೆ. ವಾಹಿನಿಯವರು ನೋಡುಗರ ಸಂಖ್ಯೆಯನ್ನು ಅಳೆದು ಜಾಹೀರಾತಿನ ದರವನ್ನು ನಿಗದಿಮಾಡುತ್ತಾರೆಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ಈ ವಾರ ನಾವು ಕುಳಿತು ನೋಡಿದ್ದರಿಂದಲೇ ಮುಂದಿನ ವಾರ ಇನ್ನೊಂದು ಸಂಸಾರವನ್ನು ಆ ವೇದಿಕೆಗೆ ಕರೆತರುವುದು ಲಾಭದ ಬಾಬಾಯಿತು. ಅನುಮೋದನೆ ಎಂದು ಆರಂಭವಾದದ್ದು ಹೀಗೆ ಕಾರಿತಕ್ಕೆ ತಿರುಗಿತು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೊಂದು, ಸ್ಥಿತಿಕರಣವೊಂದು. ಪರರ ದೋಷವನ್ನು ಬೀದಿಗೆ ಎಳೆಯದಿರುವುದು, ಜಾರಿದವನನ್ನು ಹಿಡಿದೆತ್ತಿ ನಿಲ್ಲಿಸುವುದು. ಈ ಕಾರ್ಯಕ್ರಮಗಳು ಮೊದಲನೆಯದನ್ನು ಮುರಿಯುವುದನ್ನೇ ಬಂಡವಾಳ ಮಾಡಿಕೊಂಡವು, ಎರಡನೆಯದರ ವೇಷ ಹಾಕಿಕೊಂಡವು.

ಹೀಗೆ ಹೇಳಿ ಕೈತೊಳೆದುಕೊಂಡರೆ ಸಮಾಜದ ಹಿರಿಯರಿಗೆ ಬಹಳ ಸಂತೋಷವಾದೀತು. ಅದಕ್ಕೆ ಅವಕಾಶ ಕೊಡಲಾರೆ. ಒಬ್ಬ ಹೆಣ್ಣುಮಗಳು ತನ್ನ ಸಂಕಟವನ್ನು ಹೇಳಿಕೊಳ್ಳಲು ನೂರಾರು ಹರದಾರಿ ದೂರದ ಬೆಂಗಳೂರಿನ ಸ್ಟುಡಿಯೋಕ್ಕೆ ಏಕೆ ಹೋಗುತ್ತಾಳೆ? ಊರ ಪಂಚರ ಮುಂದೆ ಅವಳಿಗೆ ಬಾಯಿಲ್ಲ. ಬಸದಿಯ ವಿಶ್ವಸ್ಥ ಮಂಡಳಿಯಲ್ಲಿ ಅವಳ ಕಡೆಯವರಾಗಿ ಒಬ್ಬಿಬ್ಬ ಹೆಂಗಸರಾದರೂ ಇರುವುದು ಅಪರೂಪ. ತವರಿನವರು "ಹೊಂದಿಕೊಂಡು ಹೋಗವ್ವ" ಎನ್ನುತ್ತಾರೆ. ನಾವು ಉಪಗೂಹನವೆಂದು ಕರೆಯುವುದು ಅನೇಕ ಸಲ ಗಂಡನ ಹೊಡೆತವನ್ನು ಮುಚ್ಚಿಡುವ ಕಂಬಳಿಯಾಗಿದೆ. ಕಂಬಳಿಯ ಕೆಳಗೆ ಉಸಿರು ಕಟ್ಟಿದವಳು ಕ್ಯಾಮರಾದ ಬೆಳಕಿನಲ್ಲಾದರೂ ಉಸಿರಾಡೋಣವೆಂದು ಹೊರಟರೆ ಅವಳನ್ನು ದೂಷಿಸುವ ಅರ್ಹತೆ ನಮಗಿಲ್ಲ. ದೂಷಣೆಗೆ ಪಾತ್ರರು ಅವಳ ಅಳುವನ್ನು ಮಾರಿದವರು, ಕೊಂಡ ನಾವು, ಮತ್ತು ಅವಳ ಮಾತನ್ನು ಕೇಳಲೊಲ್ಲದ ನಮ್ಮ ಸಂಸ್ಥೆಗಳು.

"ನೋಡಿದರೆ ಏನಾಯಿತು? ನಾವೇನು ಮಾಡಿದೆವು?" ಎಂದು ಕೇಳುವವರಿಗೆ ಕನ್ನಡ ಜೈನ ಸಾಹಿತ್ಯವು 1209ರಲ್ಲಿಯೇ ಉತ್ತರ ಕೊಟ್ಟಿದೆ. ಜನ್ನನ ಯಶೋಧರ ಚರಿತೆಯ ಕಥೆಯನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳಿದ್ದಾರೆ. ಯಶೋಧರನು ಪ್ರಾಣಿಬಲಿಗೆ ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪಿದನು. ಸತ್ತದ್ದು ಹಿಟ್ಟು. ಆದರೂ ತಾಯಿ-ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಒಬ್ಬರನ್ನೊಬ್ಬರು ಕೊಲ್ಲುತ್ತ, ಪರರಿಂದ ಕೊಲೆಗೀಡಾಗುತ್ತ ತೊಳಲಿದರು. ಕೊನೆಗೆ ಅಭಯರುಚಿ-ಅಭಯಮತಿಯರಾಗಿ ಹುಟ್ಟಿ, ತಮ್ಮನ್ನೇ ಬಲಿಗೆ ತಂದ ಮಾರಿದತ್ತನಿಗೆ ಈ ಕಥೆಯನ್ನು ಹೇಳಿ ಅವನ ಕತ್ತಿಯನ್ನು ಕೆಳಗಿಳಿಸಿದರು. ಸಂಕಲ್ಪ ಹಿಂಸೆಯೆಂಬುದು ಎಷ್ಟು ಸೂಕ್ಷ್ಮವಾದ ವಿಷಯವೆಂದು ಇದಕ್ಕಿಂತ ಕಟುವಾಗಿ ಹೇಳಿದ ಕಥೆಯನ್ನು ನಾನು ಓದಿಲ್ಲ.

ಯಾರಾದರೂ ಕೇಳಿಯಾರು: ಆ ಕಾವ್ಯದಲ್ಲಿಯೂ ಕೊಲೆಯಿದೆ, ವ್ಯಭಿಚಾರವಿದೆ, ವಿಷಪ್ರಾಶನವಿದೆ, ಹಾಗಾದರೆ ಅದನ್ನು ಓದುವುದೂ ಪಾಪವೇ? ಒಳ್ಳೆಯ ಪ್ರಶ್ನೆ. ಕಥೆಯಲ್ಲಿ ಏನಿದೆಯೆಂಬುದರಿಂದ ಇದು ತೀರ್ಮಾನವಾಗದು. ಏಟು ಬಿದ್ದ ಕ್ಷಣದಲ್ಲಿ ಕೇಳುವವನ ಮನಸ್ಸು ಏನು ಮಾಡಿತೆಂಬುದೇ ಮುಖ್ಯ. ಜನ್ನನು ಹಿಟ್ಟಿನ ಕೋಳಿಯ ಕುತ್ತಿಗೆ ಹಾರಿಸುವಾಗ ನಾವು ನಡುಗುತ್ತೇವೆ, ಏಕೆಂದರೆ ಆ ಕತ್ತಿ ಹಿಡಿದವನು ಕೆಟ್ಟವನಲ್ಲ, ನಮ್ಮಂತೆಯೇ ತಾಯಿಯ ಮಾತಿಗೆ ಸೋತವನು. ವ್ಯಾಜ್ಯದ ಕಾರ್ಯಕ್ರಮದಲ್ಲಿ ನಾವು ನಡುಗುವುದಿಲ್ಲ, ತೀರ್ಪು ಕೊಡುತ್ತೇವೆ. ಅಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ ಕೂಡ ಅಲ್ಲ, ಹೆಸರು-ಊರು ಉಳ್ಳ ಜೀವಂತ ಮನುಷ್ಯರು, ಮರುದಿನ ಅದೇ ಊರಿನಲ್ಲಿ ನೀರು ತರಲು ಹೋಗಬೇಕಾದವರು.

ಕಥೆಯಲ್ಲಿ ನೀತಿಯ ಜಟಿಲತೆಯನ್ನು ಉಳಿಸಿಕೊಳ್ಳುವ ವಿದ್ಯೆ ನಮ್ಮ ನೆಲಕ್ಕೆ ಹೊಸತಲ್ಲ. ಮುಧೋಳದ ರನ್ನನನ್ನು ನೆನೆಯಿರಿ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಜೈನ ಕವಿ ಗದಾಯುದ್ಧದಲ್ಲಿ ಆಶ್ರಯದಾತ ಅರಸನನ್ನು ಭೀಮನಿಗೆ ಹೋಲಿಸಿದನು. ಅಂದರೆ ದುರ್ಯೋಧನನನ್ನು ಕರಿಮಸಿಯಲ್ಲಿ ಅದ್ದುವುದು ಅವನಿಗೆ ಲಾಭದಾಯಕವಾಗಿತ್ತು. ಅವನು ಹಾಗೆ ಮಾಡಲಿಲ್ಲ. ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನು ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಕರ್ಣನ ಮುಂದೆ ಕರಗುತ್ತಾನೆ. ಓದುಗನಿಗೆ ಯಾರ ಪಕ್ಷ ವಹಿಸಬೇಕೆಂದು ತಿಳಿಯದಾಗುತ್ತದೆ. ಅನೇಕಾಂತವನ್ನು ಸೂತ್ರರೂಪದಲ್ಲಿ ಕಂಠಪಾಠ ಮಾಡಿದವರಿಗಿಂತ ಈ ಕಾವ್ಯವನ್ನು ಓದಿ ತಬ್ಬಿಬ್ಬಾದವರಿಗೆ ಅದು ಹೆಚ್ಚು ತಿಳಿದಿದೆಯೆಂದು ನನ್ನ ಅಭಿಪ್ರಾಯ.

1988ರ ಅಕ್ಟೋಬರದಿಂದ 1990ರ ಜೂನ್‌ವರೆಗೆ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ "ಮಹಾಭಾರತ"ದ 94 ಕಂತುಗಳು ಬಂದವು. ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾದದ್ದನ್ನು ಆ ಕಾಲದವರೆಲ್ಲ ಬಲ್ಲರು. ಅದರಲ್ಲಿ ಒಳ್ಳೆಯ ಘಟ್ಟಗಳಿದ್ದವು. ದ್ರೌಪದಿಯು ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಭೀಷ್ಮನಲ್ಲಿ ಉತ್ತರವಿಲ್ಲದ ಸನ್ನಿವೇಶವನ್ನು ಕಂಡು ಹಿಂದಿ ತಿಳಿಯದ ಮುದುಕಿಯರೂ ಕಣ್ಣೊರೆಸಿಕೊಂಡರು. ಆದರೆ ರನ್ನನ ಊರಿನವರಾದ ನಾವು ಆ ಧಾರಾವಾಹಿಯ ದುರ್ಯೋಧನನ ಪಕ್ಕದಲ್ಲಿ ರನ್ನನ ದುರ್ಯೋಧನನನ್ನಿಟ್ಟು ಒಂದು ದಿನವಾದರೂ ಚರ್ಚಿಸಿದೆವೇ? ಬಸದಿಯ ಅಂಗಳದಲ್ಲಿ ಅದಕ್ಕಿಂತ ಒಳ್ಳೆಯ ಸ್ವಾಧ್ಯಾಯ ಯಾವುದಿತ್ತು?

ಈಗ ಒಂದು ಕಹಿ ಪ್ರಸಂಗಕ್ಕೆ ಬರುತ್ತೇನೆ. 2012ರ ಮೇ 6ರಂದು ಆಮೀರ್ ಖಾನ್ ಅವರ "ಸತ್ಯಮೇವ ಜಯತೆ" ಆರಂಭವಾಯಿತು. ಖಾಸಗಿ ವಾಹಿನಿಗಳೊಂದಿಗೆ ದೂರದರ್ಶನದಲ್ಲೂ ಒಟ್ಟಿಗೆ ಪ್ರಸಾರವಾದ ಈ ಕಾರ್ಯಕ್ರಮದ ಮೊದಲ ಕಂತಿನ ವಿಷಯ ಹೆಣ್ಣುಭ್ರೂಣ ಹತ್ಯೆ. ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿಗಳಲ್ಲಿ ಅದರ ಡಬ್ಬಿಂಗ್ ಬಂದಿತು, ಕನ್ನಡದಲ್ಲಿ ಬರಲಿಲ್ಲ. ಕನ್ನಡ ಚಿತ್ರರಂಗ ಮತ್ತು ಕಿರುತೆರೆಯ ಸಂಘಟನೆಗಳು ದಶಕಗಳಿಂದ ನಡೆಸಿಕೊಂಡು ಬಂದ ಡಬ್ಬಿಂಗ್ ವಿರೋಧ ಅಡ್ಡಬಂದಿತು. ಕಲಾವಿದರ, ಕಾರ್ಮಿಕರ ಹೊಟ್ಟೆಪಾಡಿನ ಪ್ರಶ್ನೆ ಅವರಿಗಿದ್ದದ್ದು ನಿಜ. ಆದರೂ ಪರಿಣಾಮವೇನಾಯಿತು? ಜಮಖಂಡಿ-ರಬಕವಿಯ ಮರಾಠಿ ಬಲ್ಲ ಮನೆಗಳು ಅದನ್ನು ಮರಾಠಿಯಲ್ಲಿ ಕೇಳಿದವು. ಕನ್ನಡವೊಂದನ್ನೇ ಬಲ್ಲ ತಾಯಿಗೆ, ತನ್ನ ಗರ್ಭದ ಮಾತನ್ನು ತನ್ನ ಭಾಷೆಯಲ್ಲಿ ಕೇಳುವ ಹಕ್ಕು ಇಲ್ಲವಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ವಿರೋಧ ಕಾನೂನುಬಾಹಿರವೆಂದು ತೀರ್ಪಿತ್ತು ದಂಡವನ್ನೂ ವಿಧಿಸಿತು. 2020ರಲ್ಲಿ ಹಿಂದಿಯ ಇನ್ನೊಂದು "ಮಹಾಭಾರತ"ವು ಕನ್ನಡ ಮಾತುಗಳಲ್ಲಿ ಬಂದಾಗ ಕನ್ನಡಕ್ಕೇನೂ ಕೇಡಾಗಲಿಲ್ಲ.

ಆ ಮೊದಲ ಕಂತು ನಮಗೆ ಯಾಕೆ ಬೇಕಾಗಿತ್ತು? ಜನಗಣತಿಯನ್ನು ನೋಡಿ. 6 ವರ್ಷದೊಳಗಿನ 1000 ಗಂಡುಮಕ್ಕಳಿಗೆ ದೇಶದ ಜೈನ ಸಮಾಜದಲ್ಲಿದ್ದ ಹೆಣ್ಣುಮಕ್ಕಳು 2001ರಲ್ಲಿ 870, 2011ರಲ್ಲಿ 889. ಎರಡೂ ಗಣತಿಗಳಲ್ಲಿ ಇದು ಭಾರತದ ಸರಾಸರಿಗಿಂತ ಕೆಳಗೆ. ಗಡ್ಡೆಯಲ್ಲಿ ಅನಂತ ಜೀವಗಳಿವೆಯೆಂದು ಬಟಾಟೆಯನ್ನು ಬಿಟ್ಟವರು, ನೀರನ್ನು ಸೋಸಿ ಕುಡಿಯುವವರು ನಾವು. ಪಂಚೇಂದ್ರಿಯ ಜೀವವೊಂದರ ಲೆಕ್ಕ ಎಲ್ಲಿ ತಪ್ಪಿತು? "ಅದು ಉತ್ತರದ ವ್ಯಾಪಾರಿ ಕುಟುಂಬಗಳ ಲೆಕ್ಕ, ನಾವು ದಕ್ಷಿಣದ ಒಕ್ಕಲಿಗ ಜೈನರು" ಎಂದು ಜಾರಿಕೊಳ್ಳುವವರಿದ್ದಾರೆ. ಅವರಿಗೊಂದು ಪ್ರಶ್ನೆ: ಮೂರನೆಯ ಹೆಣ್ಣುಮಗು ಹುಟ್ಟಿದ ಮನೆಗೆ ನಮ್ಮ ಬಂಧುಗಳು ಹೋಗಿ ಆಡುವ ಮಾತುಗಳನ್ನು ನೀವು ಕೇಳಿಲ್ಲವೇ? ಆ ಮಾತೇ ಅನುಮೋದನೆ. 1994ರ ಕಾಯಿದೆಯಂತೆ ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯಲ್ಲಿ ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕವಿದೆ. ಬಸದಿಯ ಗೋಡೆಯಲ್ಲಿ ದಾನಿಗಳ ಹೆಸರುಗಳಿವೆ.

ಇದೇ ಒಳ್ಳೆಯ ಕಾರ್ಯಕ್ರಮದ ಗುಣ: ಎದುರಿಗೆ ಕುಳಿತವನನ್ನು ನ್ಯಾಯಾಧೀಶನ ಪೀಠದಿಂದ ಎಬ್ಬಿಸಿ ಕಟಕಟೆಯಲ್ಲಿ ನಿಲ್ಲಿಸುವುದು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳನ್ನು, 1998ರ "ಮಾಯಾಮೃಗ" ಮೊದಲ್ಗೊಂಡು "ಮನ್ವಂತರ", "ಮುಕ್ತ", "ಮುಕ್ತ ಮುಕ್ತ"ಗಳವರೆಗೆ ನೋಡಿದವರಿಗೆ ವಕೀಲ ಸಿ.ಎಸ್.ಪಿ.ಯ ನ್ಯಾಯಾಲಯ ನೆನಪಿರುತ್ತದೆ. ಅಲ್ಲಿ ಎದುರು ಪಕ್ಷಕ್ಕೂ ಒಂದು ವಾದವಿರುತ್ತಿತ್ತು. ಗೆದ್ದ ಮೇಲೂ ಏನೋ ಕಳೆದುಕೊಂಡಂತೆ ಕಂತು ಮುಗಿಯುವುದುಂಟು. ಧಾರಾವಾಹಿಯೆಂದು ನಿಯಮದ ಪಟ್ಟಿಯಲ್ಲಿ ಅದನ್ನು ಬಿಟ್ಟು, ನೀತಿಯೆಂದು ವ್ಯಾಜ್ಯದ ಕಾರ್ಯಕ್ರಮವನ್ನು ಉಳಿಸಿಕೊಂಡವರ ವಿವೇಕಕ್ಕೆ ಏನೆನ್ನೋಣ?

ಪುಣೆ, ಬೆಂಗಳೂರು, ಅಮೆರಿಕಗಳಲ್ಲಿರುವ ನಮ್ಮ ಮಕ್ಕಳು ಇನ್ನೊಂದನ್ನು ನೋಡಿದ್ದಾರೆ: 2016ರಿಂದ 2020ರವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ "ದಿ ಗುಡ್ ಪ್ಲೇಸ್". ಸತ್ತ ಮೇಲೆ ಮನುಷ್ಯರ ಪುಣ್ಯ-ಪಾಪಗಳಿಗೆ ಅಂಕ ಹಾಕುವ ಹಾಸ್ಯ ಧಾರಾವಾಹಿ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರ ಸಲಹೆ ಪಡೆದು ಮಾಡಿದ್ದು. ಅದರಲ್ಲೊಂದು ಸಂಗತಿ ನಮ್ಮವರಿಗೆ ತಟ್ಟಬೇಕು. 521 ವರ್ಷಗಳಿಂದ ಒಬ್ಬ ಮನುಷ್ಯನೂ ಸ್ವರ್ಗಕ್ಕೆ ಬಂದಿಲ್ಲವೆಂದು ಅಲ್ಲಿ ಬಯಲಾಗುತ್ತದೆ. ಕಾರಣ, ಈಗಿನ ಕಾಲದಲ್ಲಿ ಅಜ್ಜಿಗೆಂದು ಹೂ ಕೊಂಡು ಕಳಿಸಿದರೂ ಎಲ್ಲಿಯೋ ಯಾರದೋ ದುಡಿಮೆಯ ಶೋಷಣೆ, ಯಾವುದೋ ವಿಷದ ಸಿಂಪರಣೆ ಆ ಹೂವಿಗೆ ಅಂಟಿಕೊಂಡು ಬರುತ್ತದೆ. ಆರಂಭೀ ಮತ್ತು ಉದ್ಯೋಗೀ ಹಿಂಸೆಗಳ ವಿಚಾರವನ್ನು ಹಾಸ್ಯದ ಲೇಖಕರು ತಮ್ಮ ದಾರಿಯಲ್ಲಿ ಬಂದು ಮುಟ್ಟಿದರು. ಒಂದು ವ್ಯತ್ಯಾಸವನ್ನಂತೂ ಹೇಳಲೇಬೇಕು: ಅವರ ಲೆಕ್ಕಕ್ಕೆ ಮೇಲೆ ಒಬ್ಬ ನ್ಯಾಯಾಧಿಪತಿಯಿದ್ದಾಳೆ, ಅವಳ ಮುಂದೆ ವಾದ ಮಾಡಿ ನಿಯಮವನ್ನೇ ಬದಲಿಸಬಹುದು. ನಮ್ಮ ಸಿದ್ಧಾಂತದಲ್ಲಿ ಅಂಥ ಮೇಲ್ಮನವಿಗೆ ಎಡೆಯಿಲ್ಲ.

ಇಂಥ ಪ್ರಶ್ನೆಗಳಿಗೆ ಅಮೆರಿಕದ ಹೂವೇ ಬೇಕೆಂದಿಲ್ಲ. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳಿಟ್ಟುಕೊಂಡ ಯಜಮಾನನಿಗೆ ತನ್ನ ನೇಕಾರನಿಗೆ ಕೊಟ್ಟ ಮುಂಗಡವು ಸಹಾಯವೋ ಸರಪಳಿಯೋ ಎಂಬ ಪ್ರಶ್ನೆಯಿದೆ. ಮುಧೋಳದ ಕಬ್ಬಿನ ಒಕ್ಕಲಿಗನಿಗೆ ರವದಿಗೆ ಬೆಂಕಿ ಹಚ್ಚುವಾಗ ಅದರಲ್ಲಿನ ಜೀವರಾಶಿಯ ಪ್ರಶ್ನೆಯಿದೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ-ಮನೆ ಕೊಟ್ಟವರಿಗೆ ಪರಿಹಾರದ ಹಣ ಬಂದಾಗ ಅಕ್ಕ-ತಂಗಿಯರ ಪಾಲಿನ ಪ್ರಶ್ನೆಯಿದೆ. ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ, ತಂದೆ ಆ ದಿನ ಬದುಕಿದ್ದರೂ ಇಲ್ಲದಿದ್ದರೂ ಆ ಹಕ್ಕು ಉಂಟೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೂ ರಕ್ಷಾಬಂಧನಕ್ಕೆ ತವರಿಗೆ ಬಂದ ತಂಗಿಗೆ ಸೀರೆಯ ಜೊತೆ ಹಕ್ಕುಬಿಡುಗಡೆ ಪತ್ರವನ್ನೂ ಮುಂದಿಡುವ ಅಣ್ಣಂದಿರಿದ್ದಾರೆ. ಅವಳ ಸಹಿಯನ್ನು ಪ್ರೀತಿಯೆನ್ನಬೇಕೇ, ಅಚೌರ್ಯ ವ್ರತದ ಭಂಗವೆನ್ನಬೇಕೇ? ಯಾವ ವಾಹಿನಿಯೂ ಈ ಕಂತನ್ನು ಮಾಡದು. ಮಾಡಿದರೂ ನಮ್ಮ ಮನೆಯ ಗಂಡಸರು ಅದನ್ನು ಬದಲಿಸಿ ಕ್ರಿಕೆಟ್ ಹಾಕುವರು.

ವಿಶ್ವಸ್ಥ ಮಂಡಳಿಗಳಿಗೆ ನೇರವಾಗಿ ಹೇಳುವುದಿದೆ. ಸಮುದಾಯ ಭವನಗಳಲ್ಲಿ ಈಗ ದೊಡ್ಡ ಪರದೆಗಳು ಬಂದಿವೆ. ಪಂಚಕಲ್ಯಾಣದ ವೀಡಿಯೋ, ಮುನಿಗಳ ಪ್ರವೇಶದ ಮೆರವಣಿಗೆ, ದಾನಿಗಳ ಸನ್ಮಾನ ಇವುಗಳ ಹೊರತು ಆ ಪರದೆಯ ಮೇಲೆ ಬೇರೇನೂ ಮೂಡದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಸಿ ಹಂಚಿದಳೆಂದು ಪ್ರತಿ ಸಭೆಯಲ್ಲಿ ಭಾಷಣ ಮಾಡುತ್ತೇವೆ. ಓಲೆಗರಿಯೇ ಅಂದಿನ ಪ್ರಸಾರ ಮಾಧ್ಯಮ. ಅವಳು ಅದನ್ನು ತ್ಯಾಗಮಾಡಲಿಲ್ಲ. ಅದರಲ್ಲಿ ಏನಿರಬೇಕೆಂದು ತಾನು ಆರಿಸಿದಳು, ಖರ್ಚನ್ನೂ ತಾನೇ ಹೊತ್ತಳು.

ಭಾದ್ರಪದದ ದಶಲಕ್ಷಣ ಪರ್ವಕ್ಕೆ ಹತ್ತು ಸಂಜೆಗಳಿವೆ. ಆ ಪೈಕಿ ಮೂರನ್ನಾದರೂ ಕೊಡಿ. ಒಂದು ಸಂಜೆ "ಸತ್ಯಮೇವ ಜಯತೆ"ಯ ಆ ಮೊದಲ ಕಂತನ್ನು ತೋರಿಸಿ. ಹಿಂದಿ ಬಲ್ಲ ಕಾಲೇಜಿನ ಹುಡುಗಿಯೊಬ್ಬಳು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಲಿ. ಆರ್ಜವ ಧರ್ಮದ ದಿನ ಸೀತಾರಾಂ ಅವರ ನ್ಯಾಯಾಲಯದ ಒಂದು ಪ್ರಸಂಗ, ಅದರ ಪಕ್ಕದಲ್ಲಿ ರನ್ನನ ದುರ್ಯೋಧನ. ಆಕಿಂಚನ್ಯದ ದಿನ ಪರದೆ ಬೇಡ. ಹಕ್ಕುಬಿಡುಗಡೆ ಪತ್ರದ ಖಾಲಿ ನಮೂನೆಯೊಂದನ್ನು ಮೇಜಿನ ಮೇಲಿಟ್ಟು ಅಣ್ಣಂದಿರನ್ನೂ ತಂಗಿಯರನ್ನೂ ಎದುರುಬದುರು ಕೂರಿಸಿ ಮಾತನಾಡಿಸಿ. ಯಾರ ಮನೆಯ ಹೆಸರೂ ಬರಕೂಡದು, ಚಿತ್ರೀಕರಣವಂತೂ ಕೂಡದು. ಮೈಕನ್ನು ಮೊದಲು ಹೆಂಗಸರ ಬದಿಗೆ ಕೊಡಿ.

ಪರ್ವದ ತಯಾರಿಗೆಂದು ಶ್ರಾವಣದಲ್ಲಿ ವಿಶ್ವಸ್ಥ ಮಂಡಳಿಗಳು ಸಭೆ ಸೇರುತ್ತವೆ. ಪೆಂಡಾಲು, ಧ್ವನಿವರ್ಧಕ, ಸವಾಲಿನ ಬೋಲಿ, ಊಟದ ವ್ಯವಸ್ಥೆ ಎಂದು ವಿಷಯಪಟ್ಟಿ ಸಿದ್ಧವಾಗುವಾಗ ಕೆಳಗೆ ಇನ್ನೊಂದು ಸಾಲಿಗೆ ಜಾಗವಿರುತ್ತದೆ. ಅದನ್ನು ಬರೆಯುವ ಕಾರ್ಯದರ್ಶಿ ಜಮಖಂಡಿಯವರೋ, ಬೀಳಗಿಯವರೋ ಎಂಬುದನ್ನು ನೋಡೋಣ.